ನಿಂತ ಚುಕ್ಕಿ

ವಿನೋಬನಗರ, ದಾವಣಗೆರೆ
ಶ್ರಾವಣದ ಕೊನೆಯ ವಾರ

ಹಠಮಾರಿ ತಂಗಿ ನೇತ್ರಾ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ಸದ್ಯಕ್ಕೆ ನಿನ್ನ ಕೈ ಸೇರುವುದಿಲ್ಲ. ಎರಡು ದಿನಕ್ಕೊಮ್ಮೆ ವಾಯ್ಸ್ ಮೆಸೇಜ್ ಕಳಿಸುವ ಅಕ್ಕ ಇದ್ದಕ್ಕಿದ್ದಂತೆ ಪೇಪರು, ಪೆನ್ನು ಹಿಡಿದಳೆಂದರೆ ನಿನಗೆ ಅನುಮಾನ ಬರುತ್ತದೆ. ನನ್ನ ಬಾಯಿ ಎಂಥದ್ದೆಂದು ನಿನಗೆ ಗೊತ್ತಲ್ಲ. ಬ್ಲೌಸಿಗೆ ಅಳತೆ ಕೊಡಲು ಬಂದವರ ಮೈಗೆ ಟೇಪು ಸುತ್ತುವಷ್ಟರಲ್ಲಿ ನಮ್ಮನೆಯ ಕತೆಯೆಲ್ಲ ಅವರ ಕಿವಿಗೆ ಬಿದ್ದಿರುತ್ತದೆ. ಈಗ ಆ ಬಾಯಿಗೆ ಬೀಗ ಜಡಿದುಕೊಂಡು ಓಡಾಡುತ್ತಿದ್ದೇನೆ. ಎಲ್ಲಿ, ಯಾರ ಮುಂದೆ ಉದುರಿಸಿಬಿಡುತ್ತೇನೋ ಎಂದು ನನಗೇ ನನ್ನ ಹೆದರಿಕೆ. ಅದಕ್ಕೇ ಗಿರಾಕಿಗಳು ಕಡಿಮೆ ಇರುವ ಈ ಮಧ್ಯಾಹ್ನದ ಹೊತ್ತಿನಲ್ಲಿ ಮಷೀನಿನ ಪಕ್ಕದಲ್ಲೇ ಕೂತು ಕಾಗದಕ್ಕೆ ಹೇಳುತ್ತಿದ್ದೇನೆ.

ನೇತ್ರಾ, ನೀನು ಬಸುರಿ ಅಂತ ನನಗೆ ಗೊತ್ತಾಗಿದೆ. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಬೇಕೋ, ಸುಮ್ಮನಿರಬೇಕೋ ತಿಳಿಯದೆ ಮಳೆಗಾಲ ಶುರುವಾದಾಗಿನಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಭಾವ ಪರಶುರಾಮ್ ನನ್ನನ್ನು ನೋಡಿ, ನಿನಗೆ ಬಿಪಿ ಬಂದೈತೆ ಅಂತ ಎರಡು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಂದಿರುವುದು ಬಿಪಿಯಲ್ಲ, ನೀನು.

ಇದೆಲ್ಲ ಶುರುವಾದದ್ದು ಆ ಹಳದಿ ಡಬ್ಬಿಯಿಂದ. ನೀನು ಜಾಂಬಿಯಾಕ್ಕೆ ಹೋಗಿ ಮೊದಲ ಸಲ ರಜಕ್ಕೆ ಬಂದಾಗ ನಾನು ಮಾಡಿದ ರಂಪ ನೆನಪಿರಬೇಕು. "ಅಷ್ಟು ದೂರದ ಕಾಡಾಗೆ ನಿನಗೇನರ ಆದ್ರೆ ನನಗೆ ಹೆಂಗೆ ಗೊತ್ತಾಗಬೇಕು?" ಅಂತ ಅತ್ತಿದ್ದೆ. ನೀನು ಸೊಂಟದಿಂದ ಸಾಬೂನಿನ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ಬಿಚ್ಚಿ ನನ್ನ ಕಟಿಂಗ್ ಟೇಬಲ್ಲಿನ ಮೇಲಿಟ್ಟೆ. "ಇದು ನಾನೆಲ್ಲಿ ಅದೀನಿ ಅಂತ ಆಕಾಶಕ್ಕೆ ಹೇಳ್ತೈತೆ. ಆಕಾಶ ನಿನ್ನ ಫೋನಿಗೆ ಹೇಳ್ತೈತೆ. ನಾವು ಕಾಡುನಾಯಿಗಳಿಗೆ ಕಾಲರ್ ಹಾಕ್ತೀವಲ್ಲಕ್ಕ, ಹಂಗೇ ನೀನು ನನಗೆ ಹಾಕೀಯ ಅನ್ಕೋ" ಅಂದೆ. ಅವತ್ತಿನಿಂದ ನನ್ನ ಫೋನಿನಲ್ಲಿ ನೀನೊಂದು ಚುಕ್ಕಿ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಒಂದು ಸಲ, ಮಷೀನಿಗೆ ಎಣ್ಣೆ ಬಿಡುವಾಗ ಒಂದು ಸಲ ನಕ್ಷೆ ತೆಗೆದು ನೋಡುತ್ತೇನೆ. ನೀನು ನದಿ ದಾಟಿದ್ದು, ಗುಡ್ಡ ಹತ್ತಿದ್ದು, ಯಾವ ಮರದ ನೆರಳಿಗೋ ಜೀಪು ನಿಲ್ಲಿಸಿ ಮಧ್ಯಾಹ್ನ ಕಳೆದದ್ದು ಎಲ್ಲ ನನಗೆ ಗೊತ್ತು.

ನಿನ್ನ ನಾಯಿಗಳೂ ನನಗೆ ಪರಿಚಯ. ನೀನು ಕಳಿಸಿದ ಫೋಟೋಗಳನ್ನು ಗಿರಾಕಿಗಳಿಗೆಲ್ಲ ತೋರಿಸಿದ್ದೇನೆ. ಮೊರದಂಥ ದುಂಡು ಕಿವಿ, ಮೈ ತುಂಬ ಕಪ್ಪು, ಬಿಳಿ, ಹಳದಿ ತೇಪೆ. ಅವ್ವ ಹಳೆಯ ಸೀರೆಗಳಿಂದ ಹೊಲಿಯುತ್ತಿದ್ದ ಕೌದಿಯ ಹಾಗೆ. ಒಂದರ ಮೈಮೇಲಿನ ತೇಪೆ ಇನ್ನೊಂದಕ್ಕಿಲ್ಲ, ಅದನ್ನು ನೋಡಿಯೇ ಗುರುತು ಹಿಡಿಯುತ್ತೇವೆ ಎಂದಿದ್ದೆ. ಎಲ್ಲರನ್ನೂ ಬೈದು, ಎಲ್ಲರಿಗೂ ಉಣ್ಣಿಸಿ, ಇಡೀ ಗುಂಪನ್ನು ಕಣ್ಣಲ್ಲೇ ಆಳುವ ಹೆಣ್ಣುನಾಯಿಗೆ ನೀನು ಅವ್ವನ ಹೆಸರಿಟ್ಟೆ, ಉಚ್ಚೆಂಗಿ ಅಂತ. ತೀರಿಹೋದ ತಾಯಿಯ ಹೆಸರು ನಾಯಿಗಾ ಎಂದು ನಾನು ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಅವಳ ವಿಡಿಯೋ ನೋಡಿದೆ. ಮರಿಗಳನ್ನು ಗದರಿಸುವ ರೀತಿ ನೋಡಿ ನಗು ತಡೆಯಲಾಗಲಿಲ್ಲ. ಅವ್ವನೇ ಕಣೇ.

ಆ ರಜದಲ್ಲೇ ನೀನು ಹೇಳಿದ ಇನ್ನೊಂದು ಮಾತು ಈಗ ನನ್ನ ತಲೆ ತಿನ್ನುತ್ತಿದೆ. ಕಾಜಾ ಬಟನ್ ಹಾಕುತ್ತಾ ಕೂತಿದ್ದ ನನಗೆ ನಿನ್ನ ಕೆಲಸ ಏನೆಂದು ವಿವರಿಸುತ್ತಿದ್ದೆ. "ಕಾಲರ್ ಹಾಕಿದ ಹೆಣ್ಣು ದಿನಾ ಎಲ್ಲೆಲ್ಲೋ ಓಡ್ತಿರ್ತಾಳೆ ಅಕ್ಕ. ಒಂದಿನ ಚುಕ್ಕಿ ನಿಂತ್ಬಿಡ್ತೈತೆ. ಅವಾಗ ಎಲ್ಡೇ ಅರ್ಥ. ಇಲ್ಲಾ ಬಿಲ ಹೊಕ್ಕು ಮರಿ ಹಾಕ್ಯಾಳೆ, ಇಲ್ಲಾ ಜಿಂಕೆಗೆ ಅಂತ ಕಟ್ಟಿದ ತಂತಿ ಉರುಳಿಗೆ ಬಿದ್ದಾಳೆ."

"ಹೋಗಿ ನೋಡ್ಕ್ಯಂಡು ಬರಾಕೆ ಏನ್ ದಾಡಿ ನಿಮಗೆ?" ಅಂದಿದ್ದೆ ನಾನು.

"ಹೋದ್ವಿ ಅನ್ಕೋ, ಬಿಲ ಆಗಿದ್ರೆ ತಾಯಿ ಹೆದರಿಕ್ಯಂತಾಳೆ. ಕಣ್ಣು ಬಿಡದ ಮರಿಗಳ್ನ ಬಾಯಾಗೆ ಕಚ್ಕ್ಯಂಡು ಬ್ಯಾರೆ ಜಾಗಕ್ಕೆ ಹೊಂಡ್ತಾಳೆ. ದಾರಿಯಾಗೆ ಸಿಂಹ ಐತೆ, ಕತ್ತೆಕಿರುಬ ಐತೆ. ಹೋಗ್ಲಿಲ್ಲ ಅನ್ಕೋ, ಉರುಳಾಗಿದ್ರೆ ಅಲ್ಲೇ ಸಾಯ್ತಾಳೆ."

ಮತ್ತೇನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ದೂರ ಕೂತು ಗುಂಪಿನ ಉಳಿದ ನಾಯಿಗಳನ್ನು ನೋಡುತ್ತೇವೆ ಎಂದೆ. ಅವು ಬೇಟೆಯಾಡಿ ಹೊಟ್ಟೆ ಉಬ್ಬಿಸಿಕೊಂಡು ಅದೇ ಜಾಗಕ್ಕೆ ಓಡಿಹೋದರೆ ಅಲ್ಲಿ ಬಾಣಂತಿ ಇದ್ದಾಳೆ ಅಂತ ಅರ್ಥವಂತೆ. ತಿಂದದ್ದನ್ನು ಕಕ್ಕಿ ಅವಳಿಗೆ ಉಣ್ಣಿಸುತ್ತವಂತೆ. ನಾನು ಥೂ ಅಂದೆ. ನೀನು ನಕ್ಕೆ. ಆಮೇಲೆ ನಗು ನಿಲ್ಲಿಸಿ ಇನ್ನೊಂದು ಹೇಳಿದೆ. ನೀನು ಹೋದ ಮೊದಲ ವರ್ಷವೇ ಒಂದು ಹೆಣ್ಣಿನ ಚುಕ್ಕಿ ನಿಂತಿತ್ತು. ಬಿಲವೇ ಇರಬೇಕು, ಕಾಯೋಣ ಎಂದು ಎಲ್ಲರೂ ಸೇರಿ ತೀರ್ಮಾನಿಸಿದಿರಿ. ಕಾದಿರಿ. ಅದು ಉರುಳಾಗಿತ್ತು. ಅಷ್ಟು ಹೇಳಿ ನೀನು ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬಟ್ಟೆ ಒಗೆದೆ. ಒಗೆಯುವ ಬಟ್ಟೆ ಅವತ್ತು ಅಷ್ಟಿರಲಿಲ್ಲ.

ಈ ವರ್ಷ ಜೂನಿನಲ್ಲಿ, ನಿಮ್ಮ ಮರಿಗಳ ಕಾಲ ಆಗತಾನೇ ಶುರುವಾಗಿದ್ದಾಗ, ನಿನ್ನ ಚುಕ್ಕಿ ನಿಂತಿತು.

ಕಾಡಿನಲ್ಲಲ್ಲ. ಕಾಡಿನಿಂದ ದೂರ, ಚಿಪಾಟ ಎಂಬ ಪಟ್ಟಣದಲ್ಲಿ. ಸಾಮಾನು ತರಲು ಹೋಗಿರಬೇಕು, ನಾಳೆ ವಾಪಸ್ಸು ಹೋಗುತ್ತಾಳೆ ಎಂದುಕೊಂಡೆ. ಮರುದಿನ ಅಲ್ಲೇ. ಅದರ ಮರುದಿನವೂ ಅಲ್ಲೇ. ಡಬ್ಬಿಯನ್ನು ಯಾರೋ ಕದ್ದಿದ್ದಾರೆ ಅಂದುಕೊಂಡೆ. ನಿನ್ನ ಜೀಪು ಮಗುಚಿ ನೀನು ಆಸ್ಪತ್ರೆಯಲ್ಲಿ ಬಿದ್ದಿದ್ದೀಯ ಅಂದುಕೊಂಡೆ. ಇನ್ನೂ ಏನೇನು ಅಂದುಕೊಂಡೆ ಎಂಬುದನ್ನು ಬರೆಯಲು ಕೈ ಬರುವುದಿಲ್ಲ. ಮೆಸೇಜ್ ಕಳಿಸಿದರೆ ನಿನ್ನ ದನಿ ಎಂದಿನಂತೆ ಬರುತ್ತಿತ್ತು. "ಚೆನ್ನಾಗಿದೀನಿ ಅಕ್ಕ, ಸೀಸನ್ ಅಲ್ವಾ, ಸ್ವಲ್ಪ ಬಿಜಿ. ಉಚ್ಚೆಂಗಿ ಈ ಸಲ ಹಳೇ ಬಿಲಕ್ಕೇ ಬಂದಾಳೆ" ಅಂತೆಲ್ಲ. ಆದರೆ ಮೊದಲು ನಿನ್ನ ದನಿಯ ಹಿಂದೆ ಗಾಳಿ, ಹಕ್ಕಿ, ಜೀಪಿನ ಸದ್ದು ಇರುತ್ತಿತ್ತು. ಈಗ ಫ್ಯಾನು ತಿರುಗುವ ಸದ್ದು. ಒಂದು ಸಲ ಯಾರೋ ಸ್ಟ್ರೆಚರಿನಂಥದ್ದನ್ನು ತಳ್ಳಿಕೊಂಡು ಹೋದ ಸದ್ದು. ಫ್ಯಾನಿನ ಕೆಳಗೆ ಯಾವ ನಾಯಿ ಮರಿ ಹಾಕುತ್ತದೆ, ನೇತ್ರಾ?

ನಿಮ್ಮ ಭಾವನಿಗೆ ಹೇಳಿದೆ. ಅವರದು ಆಟೋದವರ ಬುದ್ಧಿ, ಎಲ್ಲದಕ್ಕೂ ನೇರ ದಾರಿ. "ಒಂದು ಫೋನ್ ಹಚ್ಚಿ, ಏನಾಗೈತೆ ಅಂತ ಕೇಳ್ಬಿಡು. ಇಲ್ಲಾಂದ್ರೆ ನಾನೇ ಹೋಗಿ ಕರ್ಕ್ಯಂಡು ಬರ್ತೀನಿ" ಅಂದರು. ಹುಬ್ಬಳ್ಳಿಯಿಂದ ಆಚೆ ಕಾಲಿಡದ ಮನುಷ್ಯ ಆಫ್ರಿಕಾಕ್ಕೆ ಹೊರಟು ನಿಂತರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋನು ಕೈಗೆ ತೆಗೆದುಕೊಂಡೆ, ಇಟ್ಟೆ, ಮತ್ತೆ ತೆಗೆದುಕೊಂಡೆ. ನಾನು ಕೇಳಿಬಿಟ್ಟರೆ ನೀನು ಸೊಂಟದ ಡಬ್ಬಿ ಆರಿಸಿಬಿಡುತ್ತೀಯ ಎಂಬ ಹೆದರಿಕೆ. ನಿನ್ನ ಸ್ವಭಾವ ನನಗೆ ಗೊತ್ತು. ಬೆನ್ನಟ್ಟಿದಷ್ಟೂ ದೂರ ಹೋಗುವವಳು ನೀನು.

ಅಷ್ಟರಲ್ಲಿ ನಿನ್ನದೇ ಮೆಸೇಜ್ ಬಂತು. ಎರಡು ಕಾಟನ್ ಕುರ್ತಾ ಹೊಲಿದು ಕಳಿಸು, ಇಲ್ಲಿ ಊಟ ಜಾಸ್ತಿಯಾಗಿ ದಪ್ಪಗಾಗಿದ್ದೇನೆ, ಬಣ್ಣ ಯಾವುದಾದರೂ ಆದೀತು ಅಂತ. ಜೊತೆಗೆ ಹೊಸ ಅಳತೆ. ಅಲ್ಲ ಕಣೇ, ಇಪ್ಪತ್ತು ವರ್ಷದಿಂದ ಹೆಂಗಸರ ಮೈಗೆ ಟೇಪು ಹಿಡಿದವಳ ಹತ್ತಿರ ಈ ಸುಳ್ಳು ನಡೆಯುತ್ತದೆಯೆ? ಊಟಕ್ಕೆ ದಪ್ಪಗಾಗುವವರ ರಟ್ಟೆ ತುಂಬುತ್ತದೆ, ಬೆನ್ನು ಅಗಲವಾಗುತ್ತದೆ. ನಿನ್ನ ರಟ್ಟೆ, ಭುಜ ಇದ್ದ ಹಾಗೇ ಇದ್ದವು. ಎದೆ ಮತ್ತು ಸೊಂಟ ಮಾತ್ರ ಬೇರೆಯಾಗಿದ್ದವು. ಅಳತೆಯನ್ನು ಮೂರು ಸಲ ಓದಿದೆ. ಮೊದಲು ಬಂದದ್ದು ಸಂತೋಷ ಕಣೇ, ದೇವರಾಣೆಗೂ ಸಂತೋಷ. ಅದರ ಬೆನ್ನಿಗೇ ಹೆದರಿಕೆ ಬಂತು, ಬಂದದ್ದು ಇವತ್ತಿಗೂ ಹೋಗಿಲ್ಲ.

ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿ ಹರಿಹರದ ಬಸ್ಸು ಹತ್ತಿದೆ. ಅಮೀನಾಬೀ ಈಗ ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾಗಿ ಹೊಳೆ ಹತ್ತಿರದ ಮನೆಯಲ್ಲೇ ಇದ್ದಾರೆ. ಮೊದಲಿನ ಕೂಸು ಹೋದಾಗ ನಿನ್ನ ತಲೆದೆಸೆಯಲ್ಲಿ ರಾತ್ರಿಯಿಡೀ ಕೂತಿದ್ದ ನರ್ಸಮ್ಮ, ಒಂದು ಮಾತು ಹೆಚ್ಚು ಆಡದವರು. ಅವರಿಗೊಬ್ಬರಿಗೆ ಹೇಳಿದರೆ ಊರಿಗೆ ಹೇಳಿದಂತಲ್ಲ ಎಂದು ಧೈರ್ಯ ಮಾಡಿದೆ. ಅಳತೆ ತೋರಿಸಿದೆ, ನಿಂತ ಚುಕ್ಕಿಯನ್ನೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿದರು.

"ಬಸುರೇ ಐತೆ ಬೇಟಿ. ಆರನೇದ್ರಾಗೆ ಬಿದ್ದಿರಬೇಕು. ಹಿಂದ ಒಂದು ಹೋಗೈತಲ್ಲ, ಅದಕ್ಕ ಅಲ್ಲಿ ಡಾಕ್ಟ್ರು ಗರ್ಭದ ಬಾಯಿಗೆ ಹೊಲಿಗಿ ಹಾಕಿ, ಎದ್ದು ತಿರುಗಬ್ಯಾಡ, ಆಸ್ಪತ್ರಿ ಹತ್ರಾನೇ ಇರು ಅಂದಿರ್ತಾರ. ಒಳ್ಳೇದೇ ಮಾಡ್ಯಾರ" ಅಂದರು. ಕನ್ನಡಕ ತೆಗೆದು ಮಡಚುತ್ತಾ, "ಆಕೀ ತಾವ ಯಾರರ ಅದಾರೇನವ್ವ? ಒಬ್ಬಾಕೀನೇ ಇದ್ರ ಕಷ್ಟ ಐತೆ ನೋಡು" ಅಂದರು.

ಗರ್ಭಕ್ಕೂ ಹೊಲಿಗೆ ಹಾಕುತ್ತಾರೆಂದು ನನಗೆ ಅವತ್ತೇ ಗೊತ್ತಾದದ್ದು. ಎಂಥ ದಾರ ಹಾಕಿರುತ್ತಾರೆ, ಎಷ್ಟು ಗಟ್ಟಿ ಇರುತ್ತದೆ ಎಂದೆಲ್ಲ ಆ ಮುದುಕಿಯನ್ನು ಕೇಳಿ ತಲೆ ಕೆಡಿಸಿದೆ. ಚಹಾ ಕುಡಿಸಿ, ಫಿಕರ್ ಮಾಡಬ್ಯಾಡ ಅಂತ ಬೆನ್ನು ಸವರಿ ಕಳಿಸಿದರು.

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಯಾರು ಸಿಗಬಾರದೋ ಅವರೇ ಸಿಕ್ಕರು. ನಿನ್ನ ಮೊದಲಿನ ಅತ್ತೆ ಮಾರೆಮ್ಮ. ಸೊಂಟದ ಮೇಲೆ ಮಗ ಸಿದ್ದೇಶನ ಎರಡನೇ ಹೆಂಡತಿಯ ಕೂಸು. ನಾನು ಕಂಬದ ಮರೆಗೆ ಹೋಗುವಷ್ಟರಲ್ಲಿ ಕೂಗಿಯೇಬಿಟ್ಟರು. "ಏನವ್ವ ಪ್ರೇಮಾ, ನಮ್ಮ ನೇತ್ರಾ ಹೆಂಗದಾಳೆ? ಇನ್ನೂ ಆ ನಾಯಿಗಳ ಹಿಂದೇ ಅದಾಳೇನು?" ನಮ್ಮ ನೇತ್ರಾ ಅಂದರು ಕಣೇ, ಇಷ್ಟು ವರ್ಷದ ಮೇಲೂ. "ಉಕ್ಕಡಗಾತ್ರಿಗೆ ಹೋದಾಗೆಲ್ಲ ಅಜ್ಜಯ್ಯನ ಮುಂದೆ ಆಕೀ ಹೆಸರಿಗೂ ಒಂದು ಕಾಯಿ ಒಡಸ್ತೀನವ್ವ. ಆಕೀ ಮಡಿಲೂ ತುಂಬಲಿ ಅಂತ ಬೇಡ್ಕ್ಯಂತೀನಿ" ಅಂದರು. ಕಣ್ಣಲ್ಲಿ ನೀರಿತ್ತು. ನನ್ನ ಬಾಯಿ ತೆರೆದೇಬಿಟ್ಟಿತ್ತು. ತುಂಬೈತೆ ಅತ್ತಿ, ತುಂಬೈತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದಾವಣಗೆರೆ ಬಸ್ಸು ಬಂತು. ಹೇಳದೆ ಓಡಿಹೋಗಿ ಹತ್ತಿದೆ.

ಅವರು ಕೆಟ್ಟವರಲ್ಲ, ನೇತ್ರಾ. ಆಗಲೂ ಇರಲಿಲ್ಲ. ನಿನ್ನ ಏಳನೇ ತಿಂಗಳ ಕುಬಸಕ್ಕೆ ಅವರು ಪಟ್ಟ ಸಂಭ್ರಮ ಹರಿಹರದ ಆ ಬೀದಿಗೇ ಗೊತ್ತು. ಶಾಮಿಯಾನ ಹಾಕಿಸಿ, ಬೀದಿಯವರನ್ನೆಲ್ಲ ಕರೆದು, ನಿನ್ನನ್ನು ಹಸಿರು ಸೀರೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಸಂಜೆಯವರೆಗೂ ಆರತಿ ಮಾಡಿಸಿದರು. ಬಂದವರೆಲ್ಲ ಹೊಟ್ಟೆ ಮುಟ್ಟಿ ನೋಡಿ, ಗಂಡು ಅಂದರು, ಹೆಣ್ಣು ಅಂದರು. ತಿಂಗಳು ತುಂಬುವ ಮೊದಲೇ ಕೂಸು ಹೋಯಿತು. ಅದೇ ಬೀದಿ ಮತ್ತೆ ಬಂತು. ಅದೇ ಹೆಂಗಸರು ಅದೇ ಕುರ್ಚಿಗಳ ಮೇಲೆ ಕೂತು, ಏನು ತಿಂದಿದ್ದೆ, ಎಲ್ಲಿ ಎಡವಿದ್ದೆ, ಕೂಸು ಹೊಟ್ಟೆಯೊಳಗೆ ಮಿಸುಕಾಡುವುದು ಯಾವಾಗ ನಿಂತಿತು ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಎಲ್ಲರೂ ಪ್ರೀತಿಯಿಂದಲೇ ಕೇಳಿದರು. ನೀನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ನಾನು ಪಕ್ಕದಲ್ಲೇ ಇದ್ದೆ. "ಅಕ್ಕ, ಇವರ್ನ ಕಳ್ಸು. ನಂಗೆ ಯಾರೂ ಬ್ಯಾಡ" ಅಂದಿದ್ದೆ. ಆ ಯಾರೂ ಎನ್ನುವುದರೊಳಗೆ ನಾನೂ ಸೇರಿದ್ದೇನೆಯೇ ಎಂದು ಅವತ್ತಿನಿಂದ ಕೇಳಬೇಕೆಂದುಕೊಂಡಿದ್ದೇನೆ. ಈಗ ನೀನು ನನ್ನಿಂದಲೂ ಮುಚ್ಚಿಟ್ಟಿರುವುದು ನೋಡಿದರೆ ಸೇರಿದ್ದೇನೆ ಅನ್ನಿಸುತ್ತದೆ. ಸುಳ್ಳು ಹೇಳುವುದಿಲ್ಲ, ಇದಕ್ಕೆ ಬಹಳ ಅತ್ತಿದ್ದೇನೆ. ಸಿಟ್ಟೂ ಇದೆ. ಆ ಜಗಳ ಆಮೇಲೆ ಆಡೋಣ, ಪುರುಸೊತ್ತಾಗಿ.

ಬಸ್ಸಿನಲ್ಲಿ ಕೂತ ಮೇಲೆ ಅಮೀನಾಬೀ ಕೇಳಿದ್ದೇ ಕಿವಿಯಲ್ಲಿ ಗುಯ್ಗುಡುತ್ತಿತ್ತು, ಆಕೀ ತಾವ ಯಾರರ ಅದಾರೇನು? ಇಯರ್‌ಫೋನು ಹಾಕಿಕೊಂಡು ಜೂನಿನಿಂದ ನೀನು ಕಳಿಸಿದ ಮೆಸೇಜುಗಳನ್ನೆಲ್ಲ ಒಂದೊಂದಾಗಿ ಮತ್ತೆ ಕೇಳತೊಡಗಿದೆ. ನಿನ್ನ ಮಾತನ್ನಲ್ಲ, ಮಾತಿನ ಹಿಂದೆ ಇದ್ದುದನ್ನು. ಫ್ಯಾನು. ಬಾಗಿಲು. ಯಾವುದೋ ಭಾಷೆಯಲ್ಲಿ ನರ್ಸೋ ಯಾರೋ ನಕ್ಕದ್ದು. ಬಸ್ಸು ಊರೊಳಗೆ ಬಂದು ಬ್ರೇಕ್ ಹಾಕುವ ಹೊತ್ತಿಗೆ ಒಂದು ಮೆಸೇಜಿನ ಕೊನೆಯಲ್ಲಿ, ನೀನು ಸರಿ ಅಕ್ಕ ಇಡ್ತೀನಿ ಅಂದ ಮೇಲೆ, ಫೋನು ಆರುವ ಮುಂಚೆ ಒಂದು ಗಂಡಸಿನ ದನಿ ಕೇಳಿತು. ದೂರದಿಂದ, ಬಾಗಿಲ ಹತ್ತಿರದಿಂದ ಬಂದ ಹಾಗೆ.

"ಊಟ ಆಯ್ತಾ?"

ಕನ್ನಡದಲ್ಲಿ, ನೇತ್ರಾ! ಆಯ್ ಎಂದು ಎಳೆದು, ತಾ ಎನ್ನುವಲ್ಲಿ ಎಡವಿ, ಆದರೂ ಕನ್ನಡದಲ್ಲಿ. ಹತ್ತು ಸಲ ಕೇಳಿದೆ. ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಚಂದಾ ಅಲ್ಲವೇ ಅವನು? ನಿನ್ನ ಜೊತೆ ನಾಯಿಗಳ ಹೆಜ್ಜೆ ಹುಡುಕುವ, ಆ ದೇಶದವನೇ ಆದ ಚಂದಾ. ಈಚೆಗೆ ನಿನ್ನ ಮಾತಿನಲ್ಲಿ ನಾಯಿಗಳ ಹೆಸರಿಗಿಂತ ಅವನ ಹೆಸರೇ ಜಾಸ್ತಿ ಬರುತ್ತಿತ್ತು. ಅಕ್ಕ ಕುರುಡಿಯಲ್ಲ. ಮದುವೆಯಾಗಿದ್ದೀರೋ, ಆಗುತ್ತೀರೋ, ಅದು ನಿಮ್ಮಿಬ್ಬರ ವಿಷಯ. ನನಗೆ ಬೇಕಾದದ್ದು ಒಂದೇ ಆಗಿತ್ತು. ಕಾಡಿನಲ್ಲಿ ದಿನವಿಡೀ ಅಲೆದು ಅಷ್ಟು ದೂರ ಬಂದು, ಬಾಗಿಲಲ್ಲೇ ನಿಂತು ಊಟ ಆಯ್ತಾ ಎಂದು ಕೇಳುವವನೊಬ್ಬ ಇದ್ದಾನೆ. ಉಚ್ಚೆಂಗಿಯ ಸುದ್ದಿಯನ್ನು ಅವನು ನಿನಗೆ ತಂದು ಹೇಳುತ್ತಾನೆ, ನೀನು ನಿನ್ನದೆಂಬಂತೆ ನನಗೆ ಹೇಳುತ್ತೀಯ. ಉರುಳಲ್ಲ, ಬಿಲವೇ ಎಂದು ನನಗೆ ಅವತ್ತು ಖಾತ್ರಿಯಾಯಿತು. ಮುಂದಿನ ಸ್ಟಾಪಿನಿಂದ ವಿನೋಬನಗರಕ್ಕೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆನಂತೆ, ಎದುರುಮನೆ ಕಮಲಕ್ಕ ಹೇಳಿದಳು.

ಖಾತ್ರಿಯಾದರೆ ಹೆದರಿಕೆ ಹೋಗಬೇಕಲ್ಲ, ಹೋಗಲಿಲ್ಲ. ಮುಂದಿನದು ಏಳನೇ ತಿಂಗಳು. ಹಿಂದಿನ ಸಲ ಕೂಸು ಹೋದದ್ದು ಅದರಲ್ಲೇ. ಈಗ ನಮ್ಮ ಕಡೆಯ ಪದ್ಧತಿಯಂತೆ ತವರಿನವರು ಬರಬೇಕು, ಹಸಿರು ಸೀರೆ, ಹಸಿರು ಬಳೆ, ಹೊಲಿದ ಕುಬಸ ತರಬೇಕು, ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಹೋಗಬೇಕು. ಅವ್ವ ಇಲ್ಲ, ನಿನ್ನ ತವರೆಂದರೆ ನಾನೇ. ಈ ವಾರ್ಡಿನ ಅರ್ಧ ಹೆಣ್ಣುಮಕ್ಕಳ ಕುಬಸ ಹೊಲಿದಿರುವುದು ಈ ಕೈ. ನನ್ನ ತಂಗಿಯದು ಮಾತ್ರ ಹೊಲಿಯುವಂತಿಲ್ಲ. ಹಸಿರು ಬಟ್ಟೆ ತರಲೆಂದು ಅಂಗಡಿಗೆ ಹೋಗಿಯೂ ಬಿಟ್ಟೆ. ಕತ್ತರಿಸಿಯೂ ಕೊಟ್ಟರು. ಮನೆಗೆ ತಂದು ಟೇಬಲ್ಲಿನ ಮೇಲೆ ಹರಡಿದ ಮೇಲೆ ಹೊಳೆಯಿತು, ಈ ಬಣ್ಣ ನೋಡಿದ ಕೂಡಲೇ ನಿನಗೆ ಹರಿಹರದ ಆ ಕುರ್ಚಿ ನೆನಪಾಗುತ್ತದೆ. ಬೀದಿ ಮತ್ತೆ ನಿನ್ನ ಬಾಗಿಲಿಗೆ ಬಂದಿತು ಅನ್ನಿಸುತ್ತದೆ. ಹಸಿರು ಬಟ್ಟೆ ಮಡಚಿ ಬೀರುವಿನ ತಳಕ್ಕೆ ಹಾಕಿದೆ.

ಮಣ್ಣಿನ ಬಣ್ಣದ್ದೊಂದು, ತಿಳಿನೀಲಿಯದೊಂದು ಕುರ್ತಾ ಹೊಲಿದೆ. ನೀನು ಕೊಟ್ಟ ಅಳತೆಗೆ ಸರಿಯಾಗಿಯೇ ಹೊಲಿದೆ, ಒಂದು ನೂಲೂ ಆಚೀಚೆ ಇಲ್ಲ. ಆದರೆ ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟೆ. ಬೆಳೆಯುವ ಹುಡುಗಿಯರ ಬಟ್ಟೆಗೆ ಅವ್ವ ಎರಡು ಬೆರಳು ಬಿಡುತ್ತಿದ್ದಳು. ನಾನು ಎರಡೂ ಕಡೆ ಅಂಗೈ ಅಗಲ ಬಿಟ್ಟು, ಅದನ್ನು ಒಳಗೆ ಮಡಚಿ, ಸಾಲಿಗೆ ಮೂರು ಹೊಲಿಗೆ ಹಾಕಿದೆ. ಒಂದು ಬಿಚ್ಚಿದರೆ ಸ್ವಲ್ಪ ಸಡಿಲ, ಇನ್ನೊಂದು ಬಿಚ್ಚಿದರೆ ಇನ್ನಷ್ಟು. ಹೊರಗಿನಿಂದ ಏನೂ ಕಾಣುವುದಿಲ್ಲ. ಅದರ ಬಗ್ಗೆ ಒಂದು ಚೀಟಿಯನ್ನೂ ಬರೆದಿಡಲಿಲ್ಲ. ನೀನು ನೋಡಿದರೆ ನೋಡು, ಇಲ್ಲದಿದ್ದರೆ ಬಿಡು. ನಾನು ಕೇಳಿದಂತೆಯೂ ಆಗಬಾರದು, ನಿನಗೆ ಬೇಕಾದಾಗ ಜಾಗ ಇಲ್ಲದಂತೆಯೂ ಆಗಬಾರದು. ಇಷ್ಟೇ ನನಗೆ ತೋಚಿದ್ದು.

ಪಾರ್ಸೆಲ್ ನಿನ್ನೆ ಅಂಚೆಗೆ ಹಾಕಿ ಬಂದೆ. ಯಾವಾಗ ಮುಟ್ಟುತ್ತದೋ. ಹಾಕಿ ಬಂದ ಮೇಲೆ ಇನ್ನೊಂದು ಹೆದರಿಕೆ ಹಿಡಿದಿದೆ. ಅದು ಮುಟ್ಟುವ ಹೊತ್ತಿಗೆ ನಿನಗೆ ಆ ಬಟ್ಟೆಯ ಅಗತ್ಯವೇ ಇಲ್ಲದೆ ಹೋಗಿದ್ದರೆ? ನೀನು ನನಗೆ ಹೇಳದೇ ಇದ್ದು, ನಾನು ಕೇಳದೇ ಇದ್ದು, ಆಗಿ ಹೋದದ್ದೂ ತಿಳಿಯದೇ ಇದ್ದುಬಿಟ್ಟರೆ? ಕಾಯೋಣ ಎಂದು ನೀವೆಲ್ಲ ಕಾದ ಆ ವರ್ಷದ ನಾಯಿ ನನ್ನ ಕಣ್ಣಿಗೆ ಕಟ್ಟುತ್ತದೆ. ಅದನ್ನು ನಾನು ನೋಡಿದ್ದೇ ಇಲ್ಲ, ಆದರೂ.

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಹಬ್ಬದ ಬ್ಲೌಸುಗಳು ರಾಶಿ ಬಿದ್ದಿವೆ. ನಿಲ್ಲಿಸುತ್ತೇನೆ.

ಮತ್ತೆ ಪೆನ್ನು ಹಿಡಿದಿದ್ದೇನೆ. ಗಣಪತಿ ಕಳಿಸಿ ನಾಲ್ಕಾರು ದಿನವಾಯಿತು. ಇಷ್ಟು ದಿನ ಈ ಪತ್ರ ಮಷೀನಿನ ಡ್ರಾಯರಿನಲ್ಲೇ ಇತ್ತು, ಮುಟ್ಟಲು ಧೈರ್ಯವಿರಲಿಲ್ಲ. ಚುಕ್ಕಿ ಅಲ್ಲೇ ಇತ್ತು. ನಡುವೆ ಮೂರು ದಿನ ನಿನ್ನ ಮೆಸೇಜ್ ಬರಲಿಲ್ಲ. ಆ ಮೂರು ದಿನ ನಾನು ಹೊಲಿದ ಬ್ಲೌಸುಗಳು ತೋಳು ತಿರುವುಮುರುವಾಗಿ ವಾಪಸ್ಸು ಬಂದಿವೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಹೇಳಿಬಿಡೋಣ ಎಂದು ನಿಮ್ಮ ಭಾವನನ್ನು ಕರೆದಿದ್ದೆ ಕೂಡ. ಒಂದು ಸಲ ಕೇಳಿಯೇಬಿಡೋಣ ಎಂದು ನಿನ್ನ ಹೆಸರಿನ ಮೇಲೆ ಬೆರಳಿಟ್ಟೆ. ಫೋನು ಹೋಗುವ ಮುಂಚೆ ಕಟ್ ಮಾಡಿದೆ. ಉಪವಾಸವಿದ್ದೆ ಅಂತ ಹೇಳಿದರೆ ಬೈಯುತ್ತೀಯ, ಅದಕ್ಕೆ ಹೇಳುವುದಿಲ್ಲ.

ಇವತ್ತು ಬೆಳಿಗ್ಗೆ ನಿನ್ನ ದನಿ ಬಂತು. ನಲ್ಲಿಯ ನೀರು ಹಿಡಿಯುತ್ತಿದ್ದವಳು ಕೊಡ ಬಿಟ್ಟು ಓಡಿದೆ.

"ಅಕ್ಕ, ಕುರ್ತಾ ಮುಟ್ಟಿ ಹತ್ತು ದಿನಾತು. ಚೆನ್ನಾಗವೆ. ಹೇಳಾಕೇ ಆಗಿರ್ಲಿಲ್ಲ." ಆಮೇಲೆ ಫ್ಯಾನಿನ ಸದ್ದು. ಮುಗಿಯಿತೇನೋ ಎಂದುಕೊಂಡೆ. ಫೋನು ಆರಿರಲಿಲ್ಲ. ನೀನು ಉಸಿರಾಡುವುದು ಕೇಳುತ್ತಿತ್ತು. "ಮೊನ್ನೆ ಪಕ್ಕದ ಹೊಲಿಗಿ ಒಂದು ಬಿಚ್ಕ್ಯಂಡೆ ಅಕ್ಕ. ಇವತ್ತು ಇನ್ನೊಂದು ಬಿಚ್ಚಿದೆ." ಮತ್ತೆ ಫ್ಯಾನು. ನೀನು ಅಳುತ್ತಿದ್ದೆಯೋ ನಗುತ್ತಿದ್ದೆಯೋ, ಆ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.

"ಒಳಗೆ ಇನ್ನೂ ಬಟ್ಟೆ ಐತೆ" ಅಂದೆ ನೀನು.

ಅಷ್ಟೇ. ನಾನು ಅಂಗಳದಲ್ಲೇ ಕೂತುಬಿಟ್ಟೆ. ಕೊಡ ತುಂಬಿ ಹರಿಯುತ್ತಿತ್ತು, ಕಮಲಕ್ಕ ಬಂದು ನಲ್ಲಿ ನಿಲ್ಲಿಸಿದಳು. ಏನಾಯಿತು ಎಂದು ಕೇಳಿದಳು. ಏನಿಲ್ಲ ಅಂದೆ. ಇಡೀ ಬೀದಿಗೆ ಕೂಗಿ ಹೇಳಬೇಕೆನ್ನಿಸಿದ್ದನ್ನು ಏನಿಲ್ಲ ಅಂದೆ, ನೇತ್ರಾ. ನನ್ನ ಜನ್ಮದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ.

ನಿನಗೆ ಉತ್ತರ ಕೊಡಲು ಕೂತೆ. ಎಷ್ಟೋ ಮಾತು ರೆಕಾರ್ಡ್ ಮಾಡಿ ಅಳಿಸಿದೆ. ಕೊನೆಗೆ, "ಇರ್ಲಿ ಬಿಡು, ಬೇಕಂತಲೇ ಬಿಟ್ಟೀನಿ. ಎಲ್ಲಾ ಬಿಚ್ಕೋ" ಅಂತಷ್ಟೇ ಕಳಿಸಿದೆ. ನೀನು ಕೇಳಿಸಿಕೊಂಡ ಗುರುತು ಬಂತು. ಮತ್ತೇನೂ ಬರಲಿಲ್ಲ. ಬೇಡ.

ಇನ್ನೂ ದಿನಗಳಿವೆ. ಹೆದರಿಕೆ ನನ್ನ ಹತ್ತಿರವೇ ಇರಲಿ, ಅದನ್ನು ನೀನು ಇಟ್ಟುಕೊಳ್ಳಬೇಡ. ಚಂದಾ ತಂದದ್ದನ್ನು ಹೊಟ್ಟೆ ತುಂಬ ಉಣ್ಣು, ಎಡಮಗ್ಗುಲಿಗೆ ಮಲಗು. ನಾನು ಬರುವುದಿಲ್ಲ, ಕೇಳುವುದಿಲ್ಲ, ಹೇಳುವುದಿಲ್ಲ. ನೀನು ಬಾ ಅಂದ ದಿನ ಮಾತ್ರ ಒಂದು ಕ್ಷಣ ನಿಲ್ಲುವುದಿಲ್ಲ.

ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ.

ದೂರದಲ್ಲೇ ಕೂತಿರುವ ನಿನ್ನ ಅಕ್ಕ,
ಪ್ರೇಮಲತಾ